ನೂರು ರೂಪಾಯಿಯ ನಿರ್ಧಾರ

ಅಂಕೋಲೆ, ಕಾರವಾರಗಳ ಕಡೆ ಇಸ್ಪೀಟಿನ ಜೂಜೆಂದರೆ ಮೊದಲು ನೆನಪಾಗುವುದು ಅಂದರ್-ಬಾಹರ್. ಪಣ ಒಡ್ಡಿದ ಬಳಿಕ ಅದರಲ್ಲಿ ಆಟಗಾರನು ನಿರ್ಧರಿಸತಕ್ಕದ್ದೇನೂ ಉಳಿಯದು. ಗಡಿಯಾಚೆ ಗೋವೆಯ ಕ್ಯಾಸಿನೊಗಳಲ್ಲಿ ಆಡುವ ಟೆಕ್ಸಾಸ್ ಹೋಲ್ಡೆಮ್ ಪೋಕರಿನಲ್ಲಾದರೋ ಹಣ ಹಾಕಿ ಮುಂದುವರಿಯುವುದೋ, ಎಲೆ ಕೆಳಗಿಡುವುದೋ ಎಂಬ ಪ್ರಶ್ನೆ ಹೆಜ್ಜೆಹೆಜ್ಜೆಗೂ ಏಳುತ್ತದೆ.

ಆಟಗಾರನಿಗೆ ಎರಡು ಗುಪ್ತ ಎಲೆಗಳು. ಎಲ್ಲರಿಗೂ ಸಲ್ಲುವ ಐದು ಎಲೆಗಳನ್ನು ಮೇಜಿನ ಮೇಲೆ ಕ್ರಮವಾಗಿ ತೆರೆಯುತ್ತಾರೆ. ಕೈಯಲ್ಲಿ ಎರಡು ಆಟೀನು, ತೆರೆದ ನಾಲ್ಕರಲ್ಲಿ ಇನ್ನೆರಡು ಎಂದಿಟ್ಟುಕೊಳ್ಳೋಣ. ಕೊನೆಯ ಎಲೆ ಆಟೀನಾದರೆ ಗೆಲುವು, ಇಲ್ಲವಾದರೆ ಸೋಲು. ಕಾಣದ ಎಲೆಗಳು 46. ಅವುಗಳಲ್ಲಿ ಆಟೀನು 9. ಮುಂದುವರಿಯಲು 100 ರೂಪಾಯಿ ಬೇಕು. ಪಣದ ರಾಶಿಯಲ್ಲಿ ಆಗಲೇ 600 ರೂಪಾಯಿ ಇದ್ದರೆ, ಇಂಥ 46 ಸಂದರ್ಭಗಳಲ್ಲಿ ಸರಾಸರಿ 9 ಸಲ ಗೆದ್ದು 5,400 ಬರುವುದು, 37 ಸಲ ಸೋತು 3,700 ಹೋಗುವುದು. ಹಾಕುವುದು ಯುಕ್ತ. ರಾಶಿ 300 ಮಾತ್ರವಾದರೆ ಬರುವುದು 2,700. ಹೋಗುವುದು ಅದೇ 3,700. ಸುಮಾರು 411 ರೂಪಾಯಿ ಇವೆರಡರ ನಡುವಣ ಗಡಿ.

ಈ ಲೆಕ್ಕದಲ್ಲಿ ಹಿಂದಿನ ಸೋಲುಗಳಿಗೆ ಸ್ಥಾನವಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನಾಲ್ಕು ಸಲ ತಪ್ಪಿತು, ಈಗ ಬಂದೇ ಬರುವುದೆಂದರೆ, ಕಲೆಸಿದ ಎಲೆಗಳಿಗೆ ಜ್ಞಾಪಕಶಕ್ತಿಯುಂಟೆ? ‘ನೂರೇ ರೂಪಾಯಿ ತಾನೆ’ ಎಂಬ ಔದಾರ್ಯವನ್ನಂತೂ ನಾವು ಇನ್ನೂ ಅಪಾಯಕರವೆಂದು ಎಣಿಸುತ್ತೇವೆ. ಪಣ ಸಣ್ಣದಾದಲ್ಲಿ ಲೆಕ್ಕ ಹಾಕುವವರೇ ಇಲ್ಲ.

ಸರ್ವೋಚ್ಚ ನ್ಯಾಯಾಲಯವು 1967ರಲ್ಲಿ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಪೋಕರಿಗೂ ಆ ಮಾತು ಸಲ್ಲುವುದೆಂಬ ವಾದವನ್ನು ನಾವು ಬಹುಮಟ್ಟಿಗೆ ಒಪ್ಪುತ್ತೇವೆ. ಆದರೆ ಮೊದಲ ಉದಾಹರಣೆಯ ಲಾಭ ಸಲಕ್ಕೆ ಕೇವಲ 37 ರೂಪಾಯಿ; ಕ್ಯಾಸಿನೊ ರಾಶಿಯಿಂದ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಮೇಜಿನ ಸುತ್ತಲಿನವರೆಲ್ಲ ಸಮಾನ ಕುಶಲರಾದರೆ, ಕಾಲಕ್ರಮದಲ್ಲಿ ಆ ಪಾಲಿನಷ್ಟನ್ನು ಎಲ್ಲರೂ ಕಳೆದುಕೊಳ್ಳುವರು. ಕಾರವಾರಕ್ಕೆ ಮರಳುವ ಬಸ್ಸಿನ ಛಾರ್ಜು ಬೇರೆ.