ಕಣಗಳ ‘ಫೋಟೊ’ ತೆಗೆಯಬಹುದೇ? ಕೋಲಾರದ ಗಣಿ ಹೇಳುವ ಉತ್ತರ

‘ದೇವಕಣದ ನಿಜವಾದ ಫೋಟೊ’ ಎಂಬ ಸಾಲಿನೊಂದಿಗೆ ಬಣ್ಣದ ಗೆರೆಗಳು ಸಿಡಿಯುವ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದು ಫೋಟೊ ಅಲ್ಲ. ಹಾಗೆಂದು ಇಂಥ ಚಿತ್ರಗಳೆಲ್ಲ ಕಟ್ಟುಕಥೆಯೂ ಅಲ್ಲ. ಹಾಗಾದರೆ ಏನು?

ನೀವು ಬಿಕರ್ನಕಟ್ಟೆಯಲ್ಲಿ ಬಸ್ಸಿಗೆ ಕಾಯುವಾಗ ಕೈಯಲ್ಲಿರುವ ಮೊಬೈಲ್ ಮೂಲಕ ನಿಮಿಷಕ್ಕೆ ಸುಮಾರು ನೂರು ಮ್ಯುಯಾನ್ ಕಣಗಳು ಹಾದುಹೋಗುತ್ತವೆ. ಬಾಹ್ಯಾಕಾಶದ ಕಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಇವು ಸಹಜ, ಭಯ ಬೇಡ. ಆದರೆ ಕಣ್ಣಿಗೆ ಕಾಣುವುದಿಲ್ಲ.

ಇಂಥ ಕಣಗಳ ಜಾಡು ಹಿಡಿಯುವ ಉಪಕರಣಗಳಲ್ಲಿ ಒಂದು ಕ್ಯಾಲೊರಿಮೀಟರ್. ಅದರಲ್ಲಿ ಕಬ್ಬಿಣ, ಸೀಸದಂತಹ ಭಾರದ ತಗಡುಗಳು, ನಡುನಡುವೆ ಸಂವೇದಕಗಳು ಇರುತ್ತವೆ. ಹೆಚ್ಚಿನ ಕಣಗಳು ಲೋಹಕ್ಕೆ ಬಡಿದು ಹೊಸ ಕಣಗಳ ಮಳೆ ಸುರಿಸುತ್ತವೆ. ಅವು ಬಿಟ್ಟುಹೋಗುವ ಶಕ್ತಿಯನ್ನು ಸಂವೇದಕ ಅಳೆಯುತ್ತದೆ. ಒಟ್ಟು ಎಷ್ಟು ಶಕ್ತಿ ಎಂಬುದರ ಜೊತೆ ಎಲ್ಲೆಲ್ಲಿ ಎಷ್ಟು ಎಂದೂ ತಿಳಿಯಬೇಕಾದರೆ ಸಂವೇದಕವನ್ನು ಸಣ್ಣ ಸಣ್ಣ ಭಾಗ ಮಾಡಬೇಕು. ಆ ಅಳತೆಗಳನ್ನು ಕಂಪ್ಯೂಟರ್ ರಂಗೋಲಿಯ ಚುಕ್ಕಿಗಳಂತೆ ಜೋಡಿಸಿದಾಗ ಚಿತ್ರ ಮೂಡುತ್ತದೆ.

ಚುಕ್ಕಿ ಅವೇ ಇದ್ದರೂ ಗೆರೆಯನ್ನು ಬೇರೆ ರೀತಿ ಎಳೆಯಬಹುದಲ್ಲವೇ? ಇದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ.

1980ರಲ್ಲಿ ಕೋಲಾರದ ಚಿನ್ನದ ಗಣಿಯೊಳಗೆ, 2.3 ಕಿ.ಮೀ. ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಜಪಾನಿನ ವಿಜ್ಞಾನಿಗಳು 140 ಟನ್ ತೂಕದ ಇಂಥದ್ದೇ ಉಪಕರಣವನ್ನು ಶುರುಮಾಡಿದರು. ಅನಿಲ ತುಂಬಿದ ಕೊಳವೆಗಳ 34 ಪದರ, ನಡುವೆ ಕಬ್ಬಿಣದ ತಗಡು. ಮೇಲಿನ ಬಂಡೆ ಬಹುಪಾಲು ಮ್ಯುಯಾನ್‌ಗಳನ್ನು ತಡೆಯುತ್ತಿತ್ತು. ಪ್ರೋಟಾನ್ ತಾನಾಗಿಯೇ ಒಡೆಯುತ್ತದೆಯೇ ಎಂಬುದು ಪ್ರಶ್ನೆ.

ಒಡೆದಂತೆ ಕಾಣುವ ಕೆಲವು ಜಾಡುಗಳು ಸಿಕ್ಕವು. ವಿಜ್ಞಾನಿಗಳು ಅವನ್ನು ‘ಸಂಭಾವ್ಯ’ ಘಟನೆಗಳೆಂದು ಪ್ರಕಟಿಸಿದರು. ಏಕೆಂದರೆ ನ್ಯೂಟ್ರಿನೊ ಕಣ ಕಬ್ಬಿಣಕ್ಕೆ ಬಡಿದರೂ ಅಂಥದ್ದೇ ಜಾಡು ಮೂಡಬಹುದು. ಕೊಳವೆಗಳು 10 ಸೆಂ.ಮೀ. ಅಗಲವಿದ್ದುದರಿಂದ ಚುಕ್ಕಿಗಳೂ ದೂರ ದೂರ. ಮುಂದೆ ಅಮೆರಿಕ, ಜಪಾನ್‌ಗಳ ಇನ್ನೂ ದೊಡ್ಡ ಪ್ರಯೋಗಗಳಲ್ಲಿ ಪ್ರೋಟಾನ್ ಒಡೆದದ್ದು ಕಾಣಲಿಲ್ಲ. ಇಂದಿಗೂ ಅದು ದೃಢಪಟ್ಟಿಲ್ಲ.

ಈಗ ಜಿನೀವಾ ಬಳಿಯ ಸರ್ನ್‌ನ ಸಿಎಂಎಸ್ ಪ್ರಯೋಗಕ್ಕೆ ಸಿದ್ಧವಾಗುತ್ತಿರುವ ಕ್ಯಾಲೊರಿಮೀಟರ್‌ನಲ್ಲಿ ಸುಮಾರು 60 ಲಕ್ಷ ಚುಕ್ಕಿಗಳಿರುತ್ತವೆ. ಚಿತ್ರ ಬಹಳ ಸ್ಪಷ್ಟವಾಗುತ್ತದೆ, ಆದರೆ ಅದನ್ನು ಓದುವ ಕೆಲಸ ತಪ್ಪುವುದಿಲ್ಲ.

ಆದ್ದರಿಂದ ಮುಂದಿನ ಬಾರಿ ಅಂಥ ಚಿತ್ರ ಬಂದರೆ ಫಾರ್ವರ್ಡ್ ಮಾಡುವ ಮೊದಲು ಮೂರು ಪ್ರಶ್ನೆ ಕೇಳಿ: ಅಳೆದವರು ಯಾರು? ಇದಕ್ಕೆ ಬೇರೆ ಕಾರಣ ಇರಬಹುದೇ? ಬೇರೆಯವರಿಗೂ ಇದೇ ಕಂಡಿದೆಯೇ?