ಹುಳ ಅಲ್ಲ, ಹುಳಿ

ಹಲ್ಲು ಕಪ್ಪಾದರೆ ‘ಹುಳ ತಿಂದಿದೆ’ ಎನ್ನುವುದು ನಮ್ಮಲ್ಲಿ ರೂಢಿ. ‘ಹುಳುಕು ಹಲ್ಲು’ ಎಂಬ ಮಾತಿನಲ್ಲೂ ಹುಳ ಇದೆ. ಆದರೆ ಮಕ್ಕಳೇ, ಕನ್ನಡಿ ಮುಂದೆ ಎಷ್ಟು ಬಾಯಿ ತೆರೆದರೂ ಆ ಹುಳ ನಿಮಗೆ ಸಿಗದು. ಅಲ್ಲಿರುವುದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಅವುಗಳಲ್ಲಿ ಮುಖ್ಯವಾದ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಅನ್ನು 1924ರಲ್ಲಿ ಇಂಗ್ಲೆಂಡಿನ ಕ್ಲಾರ್ಕ್ ಎಂಬುವರು ಗುರುತಿಸಿದರು.

ಅದು ಹಲ್ಲನ್ನು ತಿನ್ನುವುದಿಲ್ಲ, ನಾವು ತಿಂದ ಸಕ್ಕರೆಯನ್ನು ತಿನ್ನುತ್ತದೆ. ಸ್ವಲ್ಪ ಸಕ್ಕರೆಯಿಂದ ಅಂಟು ಮಾಡಿಕೊಂಡು ಹಲ್ಲಿಗೆ ಮೆತ್ತಿಕೊಳ್ಳುತ್ತದೆ. ಬೆಳಿಗ್ಗೆ ನಾಲಿಗೆ ಆಡಿಸಿದರೆ ಹಲ್ಲಿನ ಮೇಲೆ ಲೋಳೆ ಲೋಳೆಯಾಗಿ ಸಿಗುತ್ತದಲ್ಲ, ಅದೇ! ಉಳಿದ ಸಕ್ಕರೆಯನ್ನು ಹುಳಿ ಮಾಡುತ್ತದೆ. ಹಾಲು ಮೊಸರಾಗುವಾಗ ಹುಟ್ಟುವ ಲ್ಯಾಕ್ಟಿಕ್ ಆಮ್ಲವೇ ಇಲ್ಲೂ ಹುಟ್ಟುವುದು. ಹಲ್ಲಿನ ಹೊರಪದರ ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ. ಆದರೂ ಈ ಹುಳಿಗೆ ಅದರ ಸುಣ್ಣದ ಅಂಶ ಕರಗುತ್ತದೆ.

ಆಗ ಕಾಪಾಡುವುದು ಜೊಲ್ಲು. ಸುಮಾರು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಹುಳಿಯನ್ನು ತಗ್ಗಿಸಿ, ಕರಗಿದ ಸುಣ್ಣವನ್ನು ಮತ್ತೆ ತುಂಬತೊಡಗುತ್ತದೆ. ಒಂದು ಲಾಡನ್ನು ಊಟದ ಜೊತೆಗೇ ಮುಗಿಸಿದರೆ ಜೊಲ್ಲಿಗೆ ಸಮಯ ಸಿಗುತ್ತದೆ. ಅದನ್ನೇ ಚೂರು ಚೂರಾಗಿ ದಿನವಿಡೀ ಮೆಲ್ಲುತ್ತಿದ್ದರೆ ಪಾಪ, ಅದಕ್ಕೆ ಬಿಡುವೆಲ್ಲಿ?

ಇದನ್ನು ತೋರಿಸಿಕೊಟ್ಟ ಪ್ರಯೋಗ ನೆನೆದರೆ ನನಗೆ ಸಂಕಟವಾಗುತ್ತದೆ. ಸ್ವೀಡನ್ನಿನ ಲುಂಡ್ ನಗರದ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದವರಿದ್ದರು. ಅವರನ್ನು ಗುಂಪು ಮಾಡಿ ಕೆಲವರಿಗೆ ಊಟದೊಂದಿಗೆ ಸಕ್ಕರೆ, ಕೆಲವರಿಗೆ ಊಟಗಳ ನಡುವೆ ಅಂಟು ಟಾಫಿ ಕೊಟ್ಟರು. ಒಂದು ಗುಂಪಿಗೆ ದಿನಕ್ಕೆ 24 ಟಾಫಿ! ಊಟದ ಜೊತೆ ತಿಂದವರಿಗೆ ಹೆಚ್ಚೇನೂ ಆಗಲಿಲ್ಲ, ಟಾಫಿ ತಿಂದವರ ಹಲ್ಲು ಹಾಳಾದವು. ಒಪ್ಪಿಗೆ ಇದೆಯೇ ಎಂದು ಅವರನ್ನು ಕೇಳಿದವರಿಲ್ಲ. ಸ್ವೀಡನ್ನಿನ ಮಕ್ಕಳಿಗೆ ಶನಿವಾರ ಮಾತ್ರ ಮಿಠಾಯಿ ಕೊಡುವ ಪದ್ಧತಿ ಬಂದದ್ದು ಆಮೇಲೆ.

ಅಜ್ಜ ಅಜ್ಜಿಯರಿಗೂ ಒಂದು ಮಾತು. ವಯಸ್ಸಾದಂತೆ ಒಸಡು ಸರಿದು ಹಲ್ಲಿನ ಬೇರು ಹೊರಗೆ ಕಾಣುತ್ತದೆ. ಬೇರಿಗೆ ಎನಾಮಲ್ ಇಲ್ಲ. ಕೆಲವು ಮಾತ್ರೆಗಳಿಂದ ಜೊಲ್ಲೂ ಕಡಿಮೆಯಾಗುತ್ತದೆ. ಬಾಯಿ ಒಣಗಿತೆಂದು ಆಗಾಗ ಪೆಪ್ಪರಮೆಂಟು ಚೀಪುವ ಬದಲು ಒಂದು ಗುಟುಕು ನೀರು ಕುಡಿಯಿರಿ. ನಿದ್ದೆಯಲ್ಲಂತೂ ಎಲ್ಲರಿಗೂ ಜೊಲ್ಲು ಕಡಿಮೆ. ಹಾಗಾಗಿ ರಾತ್ರಿ ಹಲ್ಲುಜ್ಜಿದ ಮೇಲೆ ಮೊಮ್ಮಗು ಎಷ್ಟೇ ಗೋಗರೆದರೂ ಸಕ್ಕರೆ ಹಾಲು ಬೇಡ. ಹಾಲು ಕುಡಿದ ಮೇಲೆಯೇ ಉಜ್ಜಿಸಿ.