ದಾಖಲೆ ಪುಸ್ತಕದಲ್ಲಿ ಅಡುಗೆಯವರಿಗೂ ಒಂದು ಪುಟ ಇರಲಿ

ಇಂಟರ್ನ್‌ಶಿಪ್ ಮುಗಿಸಿ ಬರುವ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯ ದಾಖಲೆ ಪುಸ್ತಕದಲ್ಲೂ ‘ಶಾಲಾ ಪರಿಚಯ’ ಎಂಬ ಭಾಗ ಇರುತ್ತದೆ. ಕೊಠಡಿಗಳೆಷ್ಟು, ಪ್ರಯೋಗಾಲಯ ಇದೆಯೇ, ಗ್ರಂಥಾಲಯದಲ್ಲಿ ಪುಸ್ತಕಗಳೆಷ್ಟು, ಆಟದ ಮೈದಾನದ ಅಳತೆ ಏನು ಎಂದು ಅಲ್ಲಿ ಬರೆಯುತ್ತೇವೆ. ಮುಖ್ಯ ಶಿಕ್ಷಕರಿಂದ ಹಿಡಿದು ದೈಹಿಕ ಶಿಕ್ಷಣ ಶಿಕ್ಷಕರವರೆಗೆ ಎಲ್ಲರ ಹೆಸರು, ವಿದ್ಯಾರ್ಹತೆ, ಬೋಧಿಸುವ ವಿಷಯ ಒಂದು ಕೋಷ್ಟಕದಲ್ಲಿ ಬರುತ್ತದೆ. ಬಿಸಿಯೂಟ ಬರುವುದು ಮಾತ್ರ ‘ಭೌತಿಕ ಸೌಲಭ್ಯಗಳು’ ಎಂಬ ತಲೆಬರಹದ ಕೆಳಗೆ, ಕುಡಿಯುವ ನೀರು ಮತ್ತು ಶೌಚಾಲಯಗಳ ಜೊತೆ. ‘ಅಡುಗೆ ಕೋಣೆ: ಇದೆ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತೇವೆ.

ಕೋಣೆ ಇದೆ ಎನ್ನುವುದು ನಿಜ. ಆದರೆ ಆ ಕೋಣೆಯೊಳಗೆ ಬೆಳಗಿನಿಂದ ನಿಂತು ದುಡಿಯುವ ಮೂರು ನಾಲ್ಕು ಜನ ನಮ್ಮ ದಾಖಲೆಯಲ್ಲಿ ಎಲ್ಲಿಯೂ ಇಲ್ಲ. ನಾನು ನೋಡಿದ ದಾಖಲೆಗಳಲ್ಲಿ ಅವರು ನಲ್ಲಿ, ತೊಟ್ಟಿಗಳ ಸಾಲಿಗೆ ಸೇರಿದ ಸೌಲಭ್ಯವಾಗಿ ಉಳಿದಿದ್ದಾರೆ. ಇದನ್ನು ಬದಲಿಸಬೇಕು ಎಂಬುದೇ ಈ ಲೇಖನದ ವಾದ. ಶಾಲೆಯಲ್ಲಿ ಘಂಟೆ ಬಾರಿಸುವವರು, ಅಂಗಳ ಗುಡಿಸುವವರು, ಮಕ್ಕಳನ್ನು ಹೊತ್ತಿಗೆ ಸರಿಯಾಗಿ ತಂದುಬಿಡುವ ಬಸ್ಸಿನ ಕಂಡಕ್ಟರ್ ಎಲ್ಲರೂ ಇದೇ ರೀತಿ ನಮ್ಮ ಕಣ್ಣಿಗೆ ಬೀಳದೆ ನಮ್ಮನ್ನು ಹೊತ್ತವರೇ. ಅಡುಗೆಯವರನ್ನು ಆಯ್ದುಕೊಂಡಿರುವುದಕ್ಕೆ ಕಾರಣ, ನಮ್ಮ ಪಾಠಕ್ಕೂ ಅವರ ಕೆಲಸಕ್ಕೂ ನೇರ ಸಂಬಂಧವಿದೆ. ಊಟದ ನಂತರದ ಐದನೇ ಅವಧಿಯಲ್ಲಿ ಪಾಠ ಮಾಡಿದವರಿಗೆಲ್ಲ ಇದು ಗೊತ್ತು. ಹಸಿದ ಮಗುವಿಗೆ ಯಾವ ಬೋಧನೋಪಕರಣವೂ ಹಿಡಿಸುವುದಿಲ್ಲ.

ಕೆಲಸದ ಗಾತ್ರ

ನಾನು ಗಣಿತ ಮತ್ತು ಭೌತವಿಜ್ಞಾನ ಓದಿದವಳು. ಆದ್ದರಿಂದ ಲೆಕ್ಕದಿಂದಲೇ ಆರಂಭಿಸುತ್ತೇನೆ. ಹಿರಿಯ ಪ್ರಾಥಮಿಕ ಹಂತದ ಒಂದು ಮಗುವಿಗೆ ದಿನಕ್ಕೆ 150 ಗ್ರಾಂ ಧಾನ್ಯ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ, 7.5 ಗ್ರಾಂ ಎಣ್ಣೆ ಎಂಬುದು ಬಿಸಿಯೂಟದ ಮಾನದಂಡ. ಆ ಊಟದಿಂದ 700 ಕ್ಯಾಲೋರಿ ಶಕ್ತಿ, 20 ಗ್ರಾಂ ಪ್ರೋಟೀನ್ ಸಿಗಬೇಕು. 180 ಮಕ್ಕಳಿರುವ ಶಾಲೆ ಎಂದುಕೊಳ್ಳಿ. ದಿನಕ್ಕೆ 27 ಕೆ.ಜಿ. ಅಕ್ಕಿ, 5.4 ಕೆ.ಜಿ. ಬೇಳೆ, 13.5 ಕೆ.ಜಿ. ತರಕಾರಿ ಬೇಕು. ಅಕ್ಕಿ ನೀರು ಹೀರಿ ಎರಡೂವರೆ ಪಟ್ಟು ಆಯಿತೆಂದರೂ ಬೆಂದ ಅನ್ನವೇ 65 ಕೆ.ಜಿ. ದಾಟುತ್ತದೆ. ಸಾಂಬಾರು ಬೇರೆ. ಮಾನದಂಡದ ಪ್ರಕಾರ 25 ಮಕ್ಕಳವರೆಗೆ ಒಬ್ಬರು, 100ರವರೆಗೆ ಇಬ್ಬರು, ಅಲ್ಲಿಂದ ಮುಂದೆ ಪ್ರತಿ ನೂರಕ್ಕೆ ಒಬ್ಬರಂತೆ ಅಡುಗೆಯವರು. ಅಂದರೆ ಇಷ್ಟು ಭಾರವನ್ನು ಎತ್ತಿ, ಬಸಿದು, ಬಡಿಸಿ, ಮತ್ತೆ ಪಾತ್ರೆ ತೊಳೆದಿಡುವವರು ಮೂವರು.

ಇದಕ್ಕೆ ಬೆಳಗಿನ ಹಾಲನ್ನು ಸೇರಿಸಬೇಕು. 2013ರ ಆಗಸ್ಟ್‌ನಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು ತಯಾರಾಗಬೇಕು. ಪುಡಿಯನ್ನು ಒಮ್ಮೆಲೇ ಬಿಸಿನೀರಿಗೆ ಸುರಿದರೆ ಗಂಟು ಕಟ್ಟುತ್ತದೆ. ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಂಡು ಆಮೇಲೆ ಕುದಿಯುವ ನೀರಿಗೆ ಬೆರೆಸಬೇಕು. ಪ್ರಾರ್ಥನೆ ಮುಗಿಯುವ ಹೊತ್ತಿಗೆ ಇದೆಲ್ಲ ಸಿದ್ಧವಾಗಬೇಕಾದರೆ ಅವರು ನಮಗಿಂತ ಮೊದಲೇ ಶಾಲೆಗೆ ಬಂದಿರಬೇಕು. ನಾನಿದ್ದ ಶಾಲೆಯಲ್ಲಿ ಗೇಟಿನ ಬೀಗ ತೆಗೆದಿರುತ್ತಿದ್ದುದು ಅವರಿಗಾಗಿಯೇ.

ಈ ವ್ಯವಸ್ಥೆ ತಾನಾಗಿಯೇ ಬಂದದ್ದಲ್ಲ. 1995ರಲ್ಲಿ ರಾಷ್ಟ್ರೀಯ ಯೋಜನೆ ಆರಂಭವಾದಾಗ ಬಹಳಷ್ಟು ಕಡೆ ಮಕ್ಕಳ ಮನೆಗೆ ಧಾನ್ಯ ಹೋಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ‘ಅಕ್ಷರ ದಾಸೋಹ’ ಎಂಬ ಹೆಸರಿನಲ್ಲಿ ಅದು ಆರಂಭವಾಯಿತು. ಧಾನ್ಯ ಊಟವಾಗಲು ಒಬ್ಬರ ಕೈ ಬೇಕೇ ಬೇಕು ಎಂಬುದನ್ನು ಆ ಆದೇಶವೇ ಒಪ್ಪಿಕೊಂಡಂತಾಯಿತು. ಶರಣರ ಕಾಲದಿಂದ ಬಂದ ‘ದಾಸೋಹ’ ಎಂಬ ಮಾತಿನಲ್ಲಿ ನೀಡುವವರ ವಿನಯವಿದೆ. ಉಣ್ಣುವವರು ನೀಡಿದವರನ್ನು ಮರೆಯಬಹುದು ಎಂಬ ಅರ್ಥ ಅದರಲ್ಲಿಲ್ಲ.

ಕಾಣದಿರುವುದಕ್ಕೆ ಕಾರಣಗಳಿವೆ

ಅಡುಗೆಯವರು ನಮಗೆ ಕಾಣುವುದಿಲ್ಲ ಎಂದರೆ ಕೇವಲ ನಮ್ಮ ಗಮನ ಸಾಲದು ಎಂದಲ್ಲ. ಮೊದಲನೆಯದಾಗಿ, ಅಡುಗೆ ಮಾಡುವುದು ಹೆಂಗಸರ ಸಹಜ ಕೆಲಸ, ಅದಕ್ಕೆ ಕೌಶಲ ಬೇಕಿಲ್ಲ ಎಂಬ ಭಾವನೆ ನಮ್ಮೊಳಗಿದೆ. ಎರಡನೆಯದಾಗಿ, ಅವರಿಗೆ ಸಿಗುವುದು ಸಂಬಳವಲ್ಲ, ‘ಗೌರವಧನ’. ಕೇಂದ್ರ ಸರ್ಕಾರ 2009ರಲ್ಲಿ ನಿಗದಿ ಮಾಡಿದ್ದು ತಿಂಗಳಿಗೆ 1000 ರೂಪಾಯಿ, ಅದೂ ವರ್ಷಕ್ಕೆ 10 ತಿಂಗಳು. ರಾಜ್ಯ ತನ್ನ ಪಾಲನ್ನು ಸೇರಿಸಿ ಕೊಡುತ್ತದೆ. ಅದನ್ನು ಹೆಚ್ಚಿಸಿ ಎಂದು ಅಡುಗೆಯವರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಲವು ಬಾರಿ ಧರಣಿ ಕೂತಿದ್ದಾರೆ. ಹೆಸರಿನಲ್ಲಿರುವ ಗೌರವ ಮೊತ್ತದಲ್ಲಿ ಕಾಣುವುದಿಲ್ಲ ಎಂಬುದು ಅವರ ಅಳಲು.

ಮೂರನೆಯ ಕಾರಣ ಜಾತಿ. ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದ್ಯತೆ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2004ರ ಏಪ್ರಿಲ್‌ನಲ್ಲಿ ಹೇಳಿತು. ಹಾಗಿದ್ದರೂ ದಲಿತ ಮಹಿಳೆ ಮಾಡಿದ ಅಡುಗೆ ಎಂಬ ಕಾರಣಕ್ಕೆ ಮಕ್ಕಳನ್ನು ಊಟಕ್ಕೆ ಬಿಡದ ಪ್ರಕರಣಗಳು ನಮ್ಮ ರಾಜ್ಯವೂ ಸೇರಿದಂತೆ ಹಲವೆಡೆ ವರದಿಯಾಗಿವೆ. ಇಂಥ ಸಂದರ್ಭದಲ್ಲಿ ಶಿಕ್ಷಕರು ಏನು ಮಾತನಾಡುತ್ತಾರೆ ಎನ್ನುವುದಕ್ಕಿಂತ ಎಲ್ಲಿ ಕೂತು ಉಣ್ಣುತ್ತಾರೆ ಎನ್ನುವುದನ್ನು ಮಕ್ಕಳು ನೋಡುತ್ತಾರೆ. ಬಡಿಸುವ ಮೊದಲು ಶಿಕ್ಷಕರು ಊಟದ ರುಚಿ ನೋಡಬೇಕೆಂಬ ನಿಯಮ ಇದ್ದೇ ಇದೆ. ಆದರೆ ಪ್ರಶಿಕ್ಷಣಾರ್ಥಿಗಳಾದ ನಾವು ಬಹುತೇಕ ಮನೆಯಿಂದ ಡಬ್ಬಿ ತಂದು ಸಿಬ್ಬಂದಿ ಕೊಠಡಿಯಲ್ಲಿ ಕೂರುತ್ತೇವೆ. ವಾರಕ್ಕೆ ಒಂದೆರಡು ದಿನವಾದರೂ ಮಕ್ಕಳ ಪಂಕ್ತಿಯಲ್ಲಿ ಕೂತು ಉಂಡರೆ, ಸಮಾನತೆಯ ಬಗ್ಗೆ ನಾವು ಬರೆಯುವ ಪಾಠಯೋಜನೆಗೆ ಒಂದು ಆಧಾರ ಸಿಗುತ್ತದೆ.

ಅಡುಗೆ ಮನೆಯಲ್ಲಿರುವ ವಿಜ್ಞಾನ

ನಾನಿದ್ದ ಶಾಲೆಯ ಮುಖ್ಯ ಅಡುಗೆಯವರು ಒಮ್ಮೆ ಮಾತಿನ ನಡುವೆ ಹೇಳಿದರು: “ಬೋರ್‌ವೆಲ್ ನೀರು ಹಾಕಿದ್ರೆ ಬೇಳೆ ಬೇಯೋದೇ ಇಲ್ಲ ಮಿಸ್. ಅದಕ್ಕೇ ನಲ್ಲಿ ನೀರು ಬಂದ ದಿನ ಹಿಡಿದಿಟ್ಕೊಳ್ತೀವಿ.” ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಬೇಳೆ ಮೆತ್ತಗಾಗುವುದನ್ನು ತಡೆಯುತ್ತವೆ. ಇದನ್ನು ನಾನು ಪದವಿಯಲ್ಲಿ ರಸಾಯನಶಾಸ್ತ್ರದ ಭಾಗವಾಗಿ ಓದಿದ್ದೆ, ಅವರು ದಿನದ ಅನುಭವದಿಂದ ಕಲಿತಿದ್ದರು. ಗ್ಯಾಸ್ ಒಲೆಯ ಜ್ವಾಲೆ ನೀಲಿಯಿಂದ ಹಳದಿಗೆ ತಿರುಗಿದರೆ ಬರ್ನರ್‌ನ ತೂತು ಕಟ್ಟಿದೆ, ಪಾತ್ರೆಯ ತಳ ಮಸಿ ಹಿಡಿಯುತ್ತದೆ ಎಂಬುದೂ ಅವರಿಗೆ ಗೊತ್ತು. ನಮ್ಮ ಪಠ್ಯದಲ್ಲಿ ಅದರ ಹೆಸರು ಅಪೂರ್ಣ ದಹನ.

5ಇ ಮಾದರಿಯ ಪಾಠಯೋಜನೆಯಲ್ಲಿ ‘ತೊಡಗಿಸಿಕೊಳ್ಳುವಿಕೆ’ ಹಂತಕ್ಕೆ ಏನು ಬರೆಯುವುದು ಎಂದು ನಾವು ತಡಕಾಡುತ್ತೇವೆ. ಕೊನೆಗೆ ಎಲ್ಲರೂ ಅದೇ ಮೇಣದ ಬತ್ತಿಯನ್ನು ತರುತ್ತೇವೆ. ಐವತ್ತು ಅಡಿ ದೂರದಲ್ಲಿ ಮಸಿ ಹಿಡಿದ ಪಾತ್ರೆ ಇದೆ, ಅದು ಏಕೆ ಮಸಿ ಹಿಡಿಯಿತು ಎಂದು ಹೇಳಬಲ್ಲವರೂ ಇದ್ದಾರೆ. ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕು ಎಂಬ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005ರ ಮಾತನ್ನು ನಾವು ಪರೀಕ್ಷೆಯಲ್ಲಿ ಅಂಕಕ್ಕಾಗಿ ಬರೆಯುತ್ತೇವೆ. ಇಲ್ಲಿ ಹೊರಗೆ ಹೋಗುವ ಅಗತ್ಯವೂ ಇಲ್ಲ, ಆ ಬದುಕು ಶಾಲೆಯ ಆವರಣದಲ್ಲೇ ಇದೆ. ಆದರೆ ಒಂದು ಎಚ್ಚರಿಕೆ ಬೇಕು. ಅವರನ್ನು ಪ್ರದರ್ಶನದ ವಸ್ತುವಾಗಿ ತರಗತಿಗೆ ಕರೆತರಬಾರದು. ಅವರ ಬಿಡುವಿನ ಹೊತ್ತು ನೋಡಿ, ಒಪ್ಪಿಗೆ ಕೇಳಿ, ತಿಳಿದವರು ಎಂಬ ನೆಲೆಯಲ್ಲಿ ಕೂರಿಸಿ ಮಾತನಾಡಿಸಬೇಕು. ಒಲೆ ಉರಿಯುವಾಗ ಮಕ್ಕಳನ್ನು ಅಡುಗೆ ಕೋಣೆಗೆ ಕರೆದೊಯ್ಯಲೂ ಬಾರದು.

ಎರಡು ಆಕ್ಷೇಪಗಳು

ಈ ವಿಚಾರವನ್ನು ಗೆಳೆಯರ ಮುಂದೆ ಇಟ್ಟಾಗ ಎರಡು ಮಾತು ಬಂದವು. ಪಾಠಯೋಜನೆ, ವೀಕ್ಷಣೆ, ಘಟಕ ಪರೀಕ್ಷೆ, ಕ್ರಿಯಾ ಸಂಶೋಧನೆಗಳ ನಡುವೆ ಇನ್ನೊಂದು ಹೊರೆ ಏಕೆ ಎಂಬುದು ಒಂದು. ಎನ್‌ಸಿಟಿಇಯ 2014ರ ನಿಯಮಾವಳಿಯಲ್ಲಿ ಎರಡು ವರ್ಷದ ಬಿ.ಇಡಿ.ಗೆ 20 ವಾರಗಳ ಶಾಲಾ ಅನುಭವ ಇದೆ. ಅದರಲ್ಲಿ ಒಂದು ದಿನದ ಬೆಳಗ್ಗೆ ಮತ್ತು ಒಂದು ಪುಟ ಹೊರೆಯಾಗಲಾರದು.

ಕೃತಜ್ಞತೆಯಿಂದ ಅವರ ಗೌರವಧನ ಹೆಚ್ಚುವುದಿಲ್ಲವಲ್ಲ ಎಂಬುದು ಇನ್ನೊಂದು. ಈ ಮಾತಿನಲ್ಲಿ ತೂಕವಿದೆ. ವರ್ಷಕ್ಕೊಮ್ಮೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರೆ ಅವರ ಬದುಕು ಬದಲಾಗದು. ನಾನು ಕೇಳುತ್ತಿರುವುದು ಶಾಲನ್ನಲ್ಲ, ತಿಳಿವಳಿಕೆಯನ್ನು. ಒಬ್ಬರ ಕೆಲಸ ಏನೆಂದು ತಿಳಿಯದೆ ಹೇಳುವ ಧನ್ಯವಾದ ಬರೀ ಸೌಜನ್ಯ. ತಿಳಿದವರ ನಡವಳಿಕೆ ತಾನಾಗಿಯೇ ಬದಲಾಗುತ್ತದೆ: ಹಾಜರಿ ಸಂಖ್ಯೆಯನ್ನು ಮೊದಲ ಅವಧಿಯಲ್ಲೇ ಅಡುಗೆ ಮನೆಗೆ ತಲುಪಿಸುತ್ತಾರೆ, ತಟ್ಟೆಯಲ್ಲಿ ಅನ್ನ ಬಿಡಬೇಡಿ ಎಂದು ಹೇಳುವಾಗ ಅದಕ್ಕೆ ಕಾರಣವನ್ನೂ ಹೇಳುತ್ತಾರೆ, ‘ಏ ಅಡುಗೆಯವ್ರೇ’ ಎಂದು ಕೂಗುವ ಬದಲು ಹೆಸರಿನ ಜೊತೆ ಅಕ್ಕ ಎಂದು ಸೇರಿಸುತ್ತಾರೆ. ನಾಳೆ ಇವರೇ ಮುಖ್ಯ ಶಿಕ್ಷಕರಾದಾಗ ಎಸ್‌ಡಿಎಂಸಿ ಸಭೆಯಲ್ಲಿ ಅಡುಗೆಯವರ ಪರವಾಗಿ ಒಂದು ಮಾತಾಡಬಲ್ಲರು.

ಆ ಪುಟದಲ್ಲಿ ಏನಿರಬೇಕು

ಕಾಲೇಜಿನ ಉಪನ್ಯಾಸಕರಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ತಂಡದ ದಾಖಲೆ ಪುಸ್ತಕದಲ್ಲಿ ‘ಶಾಲೆಯನ್ನು ನಡೆಸುವವರು’ ಎಂಬ ಒಂದು ಪುಟ ಸೇರಲಿ. ಅಡುಗೆಯವರ ಒಪ್ಪಿಗೆ ಪಡೆದು ಐದು ಪ್ರಶ್ನೆಗಳಿಗೆ ಅಲ್ಲಿ ಉತ್ತರ ಬರೆಯಲಿ: ಅವರನ್ನು ಮಕ್ಕಳು ಏನೆಂದು ಕರೆಯುತ್ತಾರೆ? ಅವರ ದಿನ ಎಷ್ಟು ಹೊತ್ತಿಗೆ ಆರಂಭವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ? ಅವರಿಂದ ನಾನು ಕಲಿತ, ನನ್ನ ವಿಷಯಕ್ಕೆ ಸಂಬಂಧಿಸಿದ ಒಂದು ಅಂಶ ಯಾವುದು? ಅವರ ಕೆಲಸ ಸ್ವಲ್ಪ ಹಗುರವಾಗಲು ಶಿಕ್ಷಕರು ಮಾಡಬಹುದಾದದ್ದು ಏನು?

ಇದಕ್ಕೆ ಅಂಕ ಬೇಡ. ಅಂಕ ಕೊಟ್ಟರೆ ಹಿಂದಿನ ವರ್ಷದ ಪುಸ್ತಕ ನೋಡಿ ನಕಲು ಮಾಡುವವರು ಹುಟ್ಟಿಕೊಳ್ಳುತ್ತಾರೆ. ಮಾರ್ಗದರ್ಶಕ ಉಪನ್ಯಾಸಕರು ಪಾಠ ವೀಕ್ಷಣೆಗೆ ಶಾಲೆಗೆ ಬಂದ ದಿನ ಆ ಪುಟವನ್ನು ಓದಿ, ಒಮ್ಮೆ ಅಡುಗೆ ಮನೆಯವರೆಗೆ ಪ್ರಶಿಕ್ಷಣಾರ್ಥಿಯ ಜೊತೆ ನಡೆದು ಬಂದರೆ ಸಾಕು.